ತವರಿನ ಸಿನಿಮಾದಲ್ಲಿ ಪಹಣಿ ಯಾಕೆ ಕಾಣಿಸಲ್ಲ?

ಹೋದ ಗೌರಿ ಹಬ್ಬದ ದಿನ ಬೆಳಗ್ಗೆ ನಮ್ಮ ಫ್ಯಾಮಿಲಿ ಗ್ರೂಪಿಗೆ ದೊಡ್ಡ ಮಾವ ಒಂದು ರೀಲ್ ಹಾಕಿದರು. ಹಳೇ ಸಿನಿಮಾದ ತುಣುಕು. ಅಣ್ಣ ಸೀರೆ ಕೊಡ್ತಾನೆ, ತಂಗಿ ಅವನ ಕಾಲಿಗೆ ಬೀಳ್ತಾಳೆ, ಇಬ್ಬರೂ ಅಳ್ತಾರೆ. ಈಗ ಇಂಥ ಸಿನಿಮಾನೂ ಇಲ್ಲ, ಇಂಥ ಸಂಬಂಧಾನೂ ಇಲ್ಲ ಅಂತ ಮೇಲೆ ಯಾರೋ ದೊಡ್ಡಕ್ಷರದಲ್ಲಿ ಬರೆದಿದ್ದರು. ಅದರ ಕೆಳಗೆ ಸಾಲಾಗಿ ಕೈ ಮುಗಿಯೋ ಎಮೋಜಿ. ನಮ್ಮಮ್ಮನೂ ಒಂದು ಒತ್ತಿದ್ದಳು.

ನಾನು ಏನೂ ಒತ್ತಲಿಲ್ಲ. ಆ ಮಾವನ ಮಗಳೂ ಒತ್ತಲಿಲ್ಲ. ಯಾಕೆ ಅಂತ ಆಮೇಲೆ ಹೇಳ್ತೀನಿ.

ನಮ್ಮ ವಯಸ್ಸಿನೋರಿಗೆ, ಅಂದರೆ ಈಗ ಮೂವತ್ತೈದರ ಆಚೆ ಈಚೆ ಇರೋರಿಗೆ, ಒಂದು ಕಾಯಿಲೆ ಶುರುವಾಗಿದೆ. ‘ನಮ್ಮ ಕಾಲದ ಸಿನಿಮಾನೇ ಸಿನಿಮಾ, ನಮ್ಮ ಕಾಲದ ಹಾಡೇ ಹಾಡು’. 2024ರಲ್ಲಿ ‘ಎ’, ‘ಉಪೇಂದ್ರ’, ‘ಕರಿಯ’ ಎಲ್ಲಾ ಮತ್ತೆ ಥಿಯೇಟರಿಗೆ ಬಂದವು. ಅಂದು ಶಿಳ್ಳೆ ಹೊಡೆದೋರು ಮಕ್ಕಳನ್ನ ಕರಕೊಂಡು ಹೋಗಿ ಮತ್ತೆ ಶಿಳ್ಳೆ ಹೊಡೆದರು. ಹೊಡೀಲಿ ಬಿಡಿ. ಆದರೆ ಆ ಕಾಲದಲ್ಲಿ ನಾನೂ ಇದ್ದೆ. ದೊಡ್ಡಬಳ್ಳಾಪುರದ ಟಾಕೀಸಿನಲ್ಲಿ, ಭಾನುವಾರ ಸಂಜೆ ನಾಲ್ಕು ಗಂಟೆಗೆ ಪಕ್ಕದ ಮನೆ ದೂರದರ್ಶನದ ಮುಂದೆ, ಮಗ್ಗದ ಸದ್ದಿನ ಮೇಲೆ ಕೇಳೋ ಹಂಗೆ ಜೋರಾಗಿ ಹಾಕಿದ್ದ ಟೇಪ್ ರೆಕಾರ್ಡರ್ ಪಕ್ಕದಲ್ಲಿ ಬೆಳೆದೋಳು. ನಂಗೆ ಆ ಕಾಲದ ಕೆಲವು ಸಿನಿಮಾ ಕಂಡರೆ ಆಗ್ತಿರಲಿಲ್ಲ. ಈಗಲೂ ಆಗಲ್ಲ.

ಯಾವುದು ಅಂತ ಕೇಳಿದರೆ ನೀವು ಅಂದುಕೊಳ್ಳೋದು ಮಚ್ಚು ಲಾಂಗ್ ಸಿನಿಮಾ. 1995ರ ‘ಓಂ’ ಬಂದಮೇಲೆ ಹತ್ತು ವರ್ಷ, 2005ರ ‘ಜೋಗಿ’ ತನಕ, ಹೀರೋ ಕೈಯಲ್ಲಿ ಲಾಂಗ್ ಇಲ್ಲದಿದ್ದರೆ ಪೋಸ್ಟರ್ ಆಗ್ತಿರಲಿಲ್ಲ. ‘ಓಂ’ನಲ್ಲಿ ಬೆಂಗಳೂರಿನ ನಿಜವಾದ ರೌಡಿಗಳೇ ಪಾತ್ರ ಮಾಡಿದ್ದರು ಅನ್ನೋದನ್ನ ನಮ್ಮೂರ ಹುಡುಗರು ಪರೀಕ್ಷೆಗೆ ಓದಿದ ಹಾಗೆ ಹೇಳೋರು.

ಇಲ್ಲಾ ಅಂದರೆ ಹುಡುಗಿ ಹಿಂದೆ ಬೀಳೋ ಸಿನಿಮಾ. 2000ದಲ್ಲಿ ‘ಪ್ರೀತ್ಸೆ’ ಬಂತು, ಹಿಂದಿಯ ‘ಡರ್’ ಅನ್ನೇ ಕನ್ನಡಕ್ಕೆ ಮಾಡಿದ್ದು. ಬೇಡ ಅಂದ ಹೆಣ್ಣನ್ನ ಹಿಂಸೆ ಮಾಡೋನೇ ಅದರಲ್ಲಿ ವಿಲನ್. ಕಥೆ ಪ್ರಕಾರ ನಾವು ಅವನಿಗೆ ಹೆದರಬೇಕಿತ್ತು. ಶಿಳ್ಳೆ ಬಿದ್ದಿದ್ದು ಅವನಿಗೇ. ಆ ವರ್ಷ ನಮ್ಮೂರಿಂದ ಹೈಸ್ಕೂಲಿಗೆ ಬಸ್ಸಿನಲ್ಲಿ ಹೋಗ್ತಿದ್ದ ಅಕ್ಕಂದಿರು ಆ ಒಂದು ಪದವನ್ನ ದಿನಕ್ಕೆ ಎಷ್ಟು ಸಲ ಕೇಳಿಸಿಕೊಂಡರು ಅಂತ ಅವರನ್ನೇ ಕೇಳಿ. 2013ರಲ್ಲಿ ಕಾನೂನು ತಿದ್ದುಪಡಿ ಆಗಿ, ಬೇಡ ಅಂದಮೇಲೂ ಹಿಂಬಾಲಿಸೋದು ಅಪರಾಧ ಆಯ್ತು, ಮೊದಲ ಸಲಕ್ಕೇ ಮೂರು ವರ್ಷದ ತನಕ ಜೈಲು. ನಾವು ಶಿಳ್ಳೆ ಹೊಡೆದಿದ್ದು ಅದಕ್ಕೆ.

ಇದನ್ನೆಲ್ಲಾ ಬೈಯೋಕೆ ಬೇಕಾದಷ್ಟು ಜನ ಇದ್ದಾರೆ. ಆಗಲೂ ಇದ್ದರು. ಲಾಂಗ್ ಸಿನಿಮಾಗೆ ಹೋಗ್ತೀನಿ ಅಂದ ಮಗನಿಗೆ ಅಮ್ಮಂದಿರು ಪೊರಕೆ ತೋರಿಸೋರು. ಮೇಷ್ಟ್ರು ಬೈಯೋರು, ಪೇಪರಿನಲ್ಲಿ ಬೈಯೋರು. ಕೆಟ್ಟದ್ದು ಅಂತ ಗೊತ್ತಿದ್ದೇ ನೋಡಿದ ಸಿನಿಮಾ ಅವು.

ನನ್ನ ಜಗಳ ಯಾರೂ ಬೈಯದೆ ಬಿಟ್ಟ ಸಿನಿಮಾಗಳ ಮೇಲೆ. ಹೆಣ್ಣುಮಕ್ಕಳನ್ನ ಕರಕೊಂಡು ಹೋಗಿ ನೋಡಬಹುದು ಅಂತ ಊರೇ ಸರ್ಟಿಫಿಕೇಟ್ ಕೊಟ್ಟ ಸಿನಿಮಾಗಳು. ‘ತವರಿನ ತೊಟ್ಟಿಲು’, ‘ತವರಿಗೆ ಬಾ ತಂಗಿ’, ‘ಅಣ್ಣ ತಂಗಿ’, ‘ತವರಿನ ಸಿರಿ’, ‘ದೇವರು ಕೊಟ್ಟ ತಂಗಿ’. ಹೆಸರು ಓದಿದರೇ ಮೂಗು ಒದ್ದೆ ಆಗುತ್ತೆ.

2002ರಲ್ಲಿ ‘ತವರಿಗೆ ಬಾ ತಂಗಿ’ ಬಂದಾಗ ನಂಗೆ ಹದಿಮೂರು. ಓಂ ಸಾಯಿಪ್ರಕಾಶ್ ನಿರ್ದೇಶನ, ಹಂಸಲೇಖ ಸಂಗೀತ, ಶಿವರಾಜ್‌ಕುಮಾರ್ ಅಣ್ಣ, ರಾಧಿಕಾ ತಂಗಿ. ನಮ್ಮೂರ ಹೆಂಗಸರು ಒಂದು ಟ್ರಾಕ್ಟರ್ ಮಾತಾಡಿಕೊಂಡು ದೊಡ್ಡಬಳ್ಳಾಪುರಕ್ಕೆ ಮ್ಯಾಟಿನಿಗೆ ಹೊರಟರು. ಡಬ್ಬಿಯಲ್ಲಿ ಪುಳಿಯೋಗರೆ, ಸೊಂಟದಲ್ಲಿ ಎಲೆ ಅಡಿಕೆ. ನಮ್ಮಮ್ಮ ಆವತ್ತು ಗೂಡು ಬಿಡಿಸೋ ಕೂಲಿ ಬಿಟ್ಟು ಬಂದಿದ್ದಳು. ಒಂದು ದಿನದ ಕೂಲಿ ಬಿಡೋದು ನಮ್ಮ ಮನೇಲಿ ಸಣ್ಣ ವಿಷಯ ಅಲ್ಲ. ಅಪ್ಪ ಬೇರೆಯವರ ಪವರ್‌ಲೂಮಿನಲ್ಲಿ ಕೂಲಿ ನೇಯೋರು, ಮಗ್ಗ ನಿಂತರೆ ಒಲೆ ನಿಲ್ಲೋ ಸಂಸಾರ.

ಟಾಕೀಸಿನ ಒಳಗೆ ಆವತ್ತು ನಾನು ನೋಡಿದ್ದು ಸಿನಿಮಾಗಿಂತ ಜಾಸ್ತಿ ಹೆಂಗಸರನ್ನ. ಸೆರಗು ಬಾಯಿಗೆ ತುರುಕಿಕೊಂಡು ಅಳ್ತಿದ್ದರು. ಗಂಡ ಹೊಡೆದಾಗಲೂ ಅಳದ ನಮ್ಮ ಪಕ್ಕದ ಮನೆ ಅಜ್ಜಿ ಭುಜ ಕುಣಿಸಿಕೊಂಡು ಅಳ್ತಿತ್ತು. ಅಮ್ಮ ಅಂತೂ ಇಂಟರ್‌ವಲ್‌ನಲ್ಲೂ ಎದ್ದು ಹೊರಗೆ ಬರಲಿಲ್ಲ. ನಾನೂ ಅತ್ತೆ. ಸುಳ್ಳು ಯಾಕೆ ಹೇಳಲಿ.

ಆ ಅಳು ಸುಳ್ಳಲ್ಲ. ಮನೇಲಿ ಅಳೋಕೆ ಜಾಗ ಇಲ್ಲದ ಹೆಂಗಸರಿಗೆ ಕತ್ತಲೆ ಕೊಟ್ಟಿದ್ದು ಟಾಕೀಸು, ಅದಕ್ಕೆ ನಾನು ಕೃತಜ್ಞಳೇ. ನಂಗೆ ಸಿಟ್ಟು ಇರೋದು ಆ ಕಣ್ಣೀರನ್ನ ಎಲ್ಲಿಗೆ ಹರಿಸಿದರು ಅನ್ನೋದರ ಮೇಲೆ.

ಆ ಸಿನಿಮಾಗಳ ಅಚ್ಚು ಒಂದೇ. ಅಣ್ಣ ದೇವರು. ತಂಗಿಗೆ ತನ್ನದು ಅಂತ ಒಂದು ಆಸೆ ಇರಲ್ಲ, ಅಣ್ಣ ನಕ್ಕರೆ ಸಾಕು. ಮದುವೆ ಆಗುತ್ತೆ. ಗಂಡನ ಮನೇಲಿ ನರಕ. ಆದರೆ ತಂಗಿ ಬಾಯಿ ಬಿಡಲ್ಲ, ಯಾಕೆ ಅಂದರೆ ಅಣ್ಣ ನೊಂದುಕೊಳ್ತಾನೆ. ಅಣ್ಣ ಬಂದರೆ ಗಾಯ ಮುಚ್ಚಿಕೊಂಡು ನಗ್ತಾಳೆ. ಆಗ ನಾವು ಅಳ್ತೀವಿ. ಎಷ್ಟು ಮುಚ್ಚಿಟ್ಟಳೋ ಅಷ್ಟು ಒಳ್ಳೇ ತಂಗಿ.

ಇನ್ನೊಂದು ನೋಡಿ. ಈ ಸಿನಿಮಾಗಳಲ್ಲಿ ದುಡ್ಡು, ಆಸ್ತಿ ಅಂತ ಬಾಯಿ ಬಿಡೋರು ಯಾರು? ವರದಕ್ಷಿಣೆ ಕೇಳೋ ಅತ್ತೆ, ಕುಡುಕ ಗಂಡ, ಕಿವಿ ಊದೋ ಅತ್ತಿಗೆ. ಆಸ್ತಿ ಮಾತೆತ್ತಿದೋರು ಬಹುಪಾಲು ಕೆಟ್ಟವರೇ. ಒಳ್ಳೇ ಹೆಣ್ಣು ಕೇಳೋದು ಅರಿಶಿನ, ಕುಂಕುಮ, ಬಳೆ, ಮಡಿಲಿಗೆ ಅಕ್ಕಿ. ಅದೂ ಕೇಳಲ್ಲ, ಕೊಟ್ಟರೆ ಕಣ್ಣಿಗೆ ಒತ್ತಿಕೊಳ್ತಾಳೆ. ತವರಿನ ಮನೆ ಇದೆ, ತವರಿನ ಹೊಲ ಇದೆ, ಹೊಲದ ಬದುವಿನ ಮೇಲೆ ಹಾಡು ಇದೆ. ಆ ಹೊಲದ ಪಹಣಿ ಯಾರ ಹೆಸರಲ್ಲಿದೆ ಅಂತ ಯಾರೂ ಕೇಳಲ್ಲ. ಹೊಡೆಯೋ ಗಂಡನ ಮನೆ ಬಿಟ್ಟು ಬಂದರೆ ಮಲಗೋಕೆ ತಂಗಿ ಹೆಸರಿನಲ್ಲೇ ಒಂದು ಕೋಣೆ, ಉಣ್ಣೋಕೆ ಅರ್ಧ ಎಕರೆ ಇದ್ದಿದ್ದರೆ ಸಿನಿಮಾ ಇಂಟರ್‌ವಲ್‌ಗೇ ಮುಗಿದು ಹೋಗ್ತಿತ್ತು. ನಿರ್ಮಾಪಕರಿಗೆ ಲಾಸ್.

ಈ ಕಥೆ ಕನ್ನಡದೋರೇ ಕಂಡುಹಿಡಿದಿದ್ದೂ ಅಲ್ಲ. 1961ರಲ್ಲಿ ತಮಿಳಿನಲ್ಲಿ ಶಿವಾಜಿ ಗಣೇಶನ್ ಮತ್ತು ಸಾವಿತ್ರಿ ‘ಪಾಸಮಲರ್’ನಲ್ಲಿ ಅಣ್ಣ ತಂಗಿಯಾಗಿ ಇಡೀ ನಾಡನ್ನ ಅಳಿಸಿದ್ದರು, ಮಾರನೇ ವರ್ಷ ಅದೇ ಕಥೆ ತೆಲುಗಿಗೆ ಹೋಯ್ತು. ನಮ್ಮಲ್ಲಿ 1958ರಲ್ಲೇ ರಾಜ್‌ಕುಮಾರ್, ಸರೋಜಾದೇವಿ ಅವರ ‘ಅಣ್ಣ ತಂಗಿ’ ಇತ್ತು. ಆ ಕಾಲಕ್ಕೆ ಸರಿ ಅನ್ನಿ. 1956ರ ಕಾನೂನಿನಲ್ಲಿ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಗೆ ಹುಟ್ಟಿನಿಂದಲೇ ಹಕ್ಕುದಾರರು ಗಂಡುಮಕ್ಕಳು ಮಾತ್ರ. ಅಪ್ಪ ಸತ್ತರೆ ಅಪ್ಪನ ಪಾಲಿಗೆ ಬಂದದ್ದರಲ್ಲಿ ಒಂದು ಚೂರು ಮಗಳಿಗೆ, ಅದೂ ಕಾಗದದ ಮೇಲೆ. ಆಗ ತಂಗಿ ಬಾಗಿನಕ್ಕೆ ಕಾದು ಕೂತರೆ ಅದು ಅವಳ ತಪ್ಪಲ್ಲ.

ಆದರೆ ನಾನು ಹೇಳ್ತಿರೋದು ನಮ್ಮ ಕಾಲದ ಸಿನಿಮಾ. ಪಕ್ಕದ ಆಂಧ್ರ 1986ರಲ್ಲೇ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕು ಅಂತ ಕಾನೂನು ಮಾಡಿತ್ತು. ತಮಿಳುನಾಡು 1989ರಲ್ಲಿ. ಕರ್ನಾಟಕದಲ್ಲಿ ಅದು ಜಾರಿಗೆ ಬಂದಿದ್ದು 1994ರ ಜುಲೈ 30. ಒಂದು ಕೊಕ್ಕೆ ಇತ್ತು: ಆ ದಿನಕ್ಕಿಂತ ಮುಂಚೆ ಮದುವೆ ಆಗಿದ್ದರೆ ಇಲ್ಲ. ನಮ್ಮಮ್ಮನ ಮದುವೆ 1987. ಚಿಕ್ಕಮ್ಮಂದು 1994ರ ಮೇ ತಿಂಗಳು. ಆ ವರ್ಷ ಲಗ್ನ ಚೆನ್ನಾಗಿದೆ ಅಂತ ಜೋಯಿಸರು ಮುಂಗಾರಿಗೆ ಮುಂಚೆಯೇ ಮುಗಿಸಿದ್ದರಂತೆ. ಎಂಥಾ ಒಳ್ಳೇ ಲಗ್ನ ನೋಡಿ.

ಆಮೇಲೆ 2005. ಈ ವರ್ಷ ಸ್ವಲ್ಪ ನೆನಪಿಟ್ಟುಕೊಳ್ಳಿ. ಜುಲೈನಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣದ ಕೆಲಸ ಶುರುವಾಯ್ತು. ಸೆಪ್ಟೆಂಬರ್ 9ಕ್ಕೆ ಕೇಂದ್ರದ ತಿದ್ದುಪಡಿ ಜಾರಿಗೆ ಬಂತು: ಮಗಳಿಗೆ ಮದುವೆ ಆಗಿರಲಿ ಬಿಡಲಿ, ಯಾವಾಗಲೇ ಆಗಿರಲಿ, ಹುಟ್ಟಿನಿಂದಲೇ ಮಗನಷ್ಟೇ ಹಕ್ಕು. ಅದೇ ವರ್ಷ ಅದೇ ಶಿವರಾಜ್‌ಕುಮಾರ್, ಅದೇ ರಾಧಿಕಾ ಇದ್ದ ಹೊಸ ‘ಅಣ್ಣ ತಂಗಿ’ ಥಿಯೇಟರಿಗೆ ಬಂತು. ಎಕರೆ ರೇಟು ಏರ್ತಿತ್ತು, ಕಾನೂನು ಬದಲಾಗಿತ್ತು, ಸಿನಿಮಾ ಮಾತ್ರ ಅರಿಶಿನ ಕುಂಕುಮದಲ್ಲೇ ಇತ್ತು. ನಮ್ಮ ಜಿಲ್ಲೆಯ ಹೆಂಗಸರಿಗೆ ಈ ಮೂರರಲ್ಲಿ ಮನೆ ಬಾಗಿಲಿಗೆ ಬಂದು ಮುಟ್ಟಿದ್ದು ಯಾವುದು? ಸಿನಿಮಾ. ಕಾನೂನು ಬಂದಿದೆ ಅಂತ ತಮಟೆ ಹೊಡೆಸಿದೋರು ಯಾರೂ ಇಲ್ಲ.

2007. ನಾನು ಸೆಕೆಂಡ್ ಪಿಯುಸಿ. ಅಮ್ಮನ ತವರು ದೇವನಹಳ್ಳಿ ಕಡೆ. ಒಂದು ಭಾನುವಾರ ಇಬ್ಬರು ಮಾವಂದಿರೂ ಜೊತೆಯಾಗಿ ನಮ್ಮ ಮನೆಗೆ ಬಂದರು. ಅದಕ್ಕೂ ಮುಂಚೆ ಇಬ್ಬರೂ ಒಟ್ಟಿಗೆ ಬಂದಿದ್ದು ನನ್ನ ನಾಮಕರಣಕ್ಕಂತೆ. ಹಣ್ಣು, ಒಂದು ಕೆಜಿ ಮೈಸೂರುಪಾಕು, ಅಮ್ಮನಿಗೆ ರೇಷ್ಮೆ ಸೀರೆ. ರೇಷ್ಮೆ ನೇಯೋನ ಹೆಂಡತಿಗೆ ಅದು ಎರಡನೇ ರೇಷ್ಮೆ ಸೀರೆ. ಅಮ್ಮನ ಮುಖ ನೋಡಬೇಕಿತ್ತು ನೀವು.

ಊಟ ಆದಮೇಲೆ ದೊಡ್ಡ ಮಾವ ಮಾತು ತೆಗೆದರು. “ತಾಯಿ, ಸೋಮವಾರ ಒಂದು ಗಳಿಗೆ ಬಂದು ಸೈನ್ ಹಾಕ್ಬುಟ್ಟು ಹೋಗವ್ವ. ಜಮೀನು ಯವಾರ ಒಂದು ಕುದುರೈತೆ. ನಿನ್ನ ಸೈನ್ ಇಲ್ದೆ ಆಗಕಿಲ್ಲ ಅಂತ ಲಾಯರು ತಗಾದೆ ತೆಗ್ದವ್ರೆ.”

ಆ ಲಾಯರು ನಮ್ಮ ಮಾವಂದಿರ ಲಾಯರಲ್ಲ, ಕೊಳ್ಳೋರ ಲಾಯರು. ಇಪ್ಪತ್ತು ವರ್ಷ ಯಾರಿಗೂ ಬೇಡವಾಗಿದ್ದ ಅಮ್ಮನ ಹೆಸರು ಬೆಂಗಳೂರಿನ ಯಾರೋ ಬಿಲ್ಡರಿಗೆ ಬೇಕಾಯ್ತು. ಅಮ್ಮನಿಗೆ ಹಕ್ಕಿದೆ ಅಂತ ನಮಗೆ ಮೊದಲು ತಿಳಿಸಿದ್ದು ಹಾಗೆ: ಅದನ್ನ ಬಿಟ್ಟುಕೊಡು ಅಂತ ಕೇಳೋ ಮೂಲಕ.

ಅಪ್ಪ ಏನೂ ಮಾತಾಡಲಿಲ್ಲ. ಹೆಂಡತಿ ತವರಿನ ಆಸ್ತಿಗೆ ಕಣ್ಣು ಹಾಕಿದ ಅಂತ ಅನ್ನಿಸಿಕೊಳ್ಳೋ ಭಯ. ನಾನು ಅಡುಗೆ ಮನೆ ಬಾಗಿಲಲ್ಲಿ ನಿಂತು ಕೇಳಿದೆ, “ಎಷ್ಟಕ್ಕೆ ಮಾರ್ತಿದ್ದೀರ ಮಾವ?” ಅವರು ನನ್ನ ಕಡೆ ತಿರುಗಲಿಲ್ಲ. ಅಮ್ಮನಿಗೆ ಹೇಳಿದರು: “ಮಗಳ್ನ ಚೆನ್ನಾಗಿ ಓದ್ಸಿದ್ದೀಯ ಕಣವ್ವ.”

ಸೋಮವಾರ ನಾನೂ ಜೊತೆಗೆ ಹೋದೆ. ಸಬ್ ರಿಜಿಸ್ಟ್ರಾರ್ ಆಫೀಸಿನ ಹೊರಗೆ ಜನ ಅಂದರೆ ಜನ. ನಮ್ಮಮ್ಮನ ಹಾಗೆ ಹೊಸ ಸೀರೆ ಉಟ್ಟುಕೊಂಡ ಹೆಂಗಸರು ಮರದ ಕೆಳಗೆ ಅಲ್ಲಲ್ಲಿ ಕೂತಿದ್ದರು. ಹೊಸ ಸೀರೆ ಅಂತ ಹೇಗೆ ಗೊತ್ತಾಯ್ತು ಅಂದರೆ, ಮಡಿಕೆ ಗೆರೆ ಇನ್ನೂ ಹೋಗಿರಲಿಲ್ಲ. ಎಲ್ಲರೂ ಅಕ್ಕತಂಗಿಯರು. ಒಬ್ಬರಿಗೊಬ್ಬರು ಯಾವೂರು, ಎಷ್ಟು ಮಕ್ಕಳು ಅಂತ ಮಾತಾಡಿಕೊಳ್ತಿದ್ದರು. ಎಷ್ಟು ಎಕರೆ ಅಂತ ಒಬ್ಬರೂ ಕೇಳಲಿಲ್ಲ.

ಬರೆದಿದ್ದು ಹಕ್ಕು ಬಿಡುಗಡೆ ಪತ್ರ. ಅಮ್ಮನಿಗೆ ಓದೋಕೆ ಬರುತ್ತೆ, ಏಳನೇ ಕ್ಲಾಸ್ ಪಾಸು. ಓದು ಅಂತ ಯಾರೂ ಕೊಡಲಿಲ್ಲ, ಅವಳೂ ಕೇಳಲಿಲ್ಲ. ಹೆಬ್ಬೆಟ್ಟು, ಫೋಟೊ, ಸಹಿ. ಹೊರಗೆ ಬಂದಮೇಲೆ ಚಿಕ್ಕ ಮಾವ ಎಲೆ ಅಡಿಕೆ ಮೇಲೆ ಐದು ಸಾವಿರ ಇಟ್ಟು ಕೊಟ್ಟರು. “ಅರಿಶಿನ ಕುಂಕುಮಕ್ಕೆ ಇಟ್ಕೊ.” ಆಮೇಲೆ ಅಳೋಕೆ ಶುರು ಮಾಡಿದರು. ನಿಜವಾಗಿ ಅತ್ತರು. ಅಮ್ಮನೂ ಅತ್ತಳು. ದಾರಿಯಲ್ಲಿ ಹೋಗೋರು ನಿಂತು ನೋಡಿದರು.

ಈ ಸೀನ್ ಎಲ್ಲೋ ನೋಡಿದ್ದೀನಿ ಅನ್ನಿಸಿತು. ಟಾಕೀಸಿನಲ್ಲಿ ನೋಡಿದ್ದೆ.

ಬಸ್ಸಿನಲ್ಲಿ ಅಮ್ಮನಿಗೆ ಕೇಳಿದೆ, ಯಾಕಮ್ಮಾ ಕೊಟ್ಟೆ ಅಂತ. ಅಮ್ಮ ಹೇಳಿದ್ದು: “ಪಾಲು ಕೇಳ್ದೋಳ್ಗೆ ತವರು ಇರಕಿಲ್ಲ ಕಣೆ.” ಇದು ಯಾವ ಸಿನಿಮಾದ ಡೈಲಾಗೂ ಅಲ್ಲ. ಆದರೆ ಎಲ್ಲಾ ಸಿನಿಮಾ ಸೇರಿ ಹೇಳಿಕೊಟ್ಟಿದ್ದು ಅದೇ. ಆ ವರ್ಷ ನನ್ನ ಡಿಗ್ರಿ ಫೀಸಿಗೆ ಅಮ್ಮ ಸಂಘದಲ್ಲಿ ಸಾಲ ತೆಗೆದಳು. ಆಮೇಲೆ ಅದನ್ನ ತೀರಿಸೋಕೆ ಗಾರ್ಮೆಂಟ್ಸ್‌ಗೆ ಸೇರಿದಳು. ಐದು ಗಂಟೆಗೆ ಎದ್ದು ಮುದ್ದೆ ಕೂಡಿಸಿ, ಆರೂವರೆ ವ್ಯಾನು. ಹತ್ತು ವರ್ಷ ನೂಲಿನ ಧೂಳು ಕುಡಿದು ಈಗ ರಾತ್ರಿ ಕೆಮ್ಮಿದರೆ ನಿಲ್ಲಲ್ಲ. ಮಾವಂದಿರು ಆ ದುಡ್ಡಿನಲ್ಲಿ ಎರಡು ಅಂತಸ್ತು ಮನೆ ಕಟ್ಟಿಸಿದರು. ಗೃಹಪ್ರವೇಶಕ್ಕೆ ಅಮ್ಮನೇ ಹಾಲು ಉಕ್ಕಿಸಿದ್ದು. ಮನೆ ಮಗಳು ಉಕ್ಕಿಸಬೇಕಲ್ಲ!

ಈಗ ನೀವು ಹೇಳೋದು ಗೊತ್ತು. ಸಿನಿಮಾ ನೋಡಿ ಯಾರಾದರೂ ಆಸ್ತಿ ಬರೆದುಕೊಡ್ತಾರಾ? ಸಿನಿಮಾ ಇಲ್ಲದಿದ್ದರೂ ನಿಮ್ಮಮ್ಮ ಸಹಿ ಹಾಕ್ತಿದ್ದಳು. ಇರಬಹುದು. ಅಣ್ಣಂದಿರು ತಂಗಿಯರ ಪಾಲು ನುಂಗೋಕೆ ಸಾಯಿಪ್ರಕಾಶ್ ಅವರನ್ನ ಕಾಯ್ತಾ ಕೂತಿರಲಿಲ್ಲ. ಆದರೆ ನುಂಗೋದು ಬೇರೆ, ನುಂಗಿಸಿಕೊಂಡವಳು ಪುಣ್ಯ ಅಂದುಕೊಳ್ಳೋ ಹಾಗೆ ಮಾಡೋದು ಬೇರೆ. ನಮ್ಮ ಅಜ್ಜಿಯಂದಿರು ರಾಗಿ ಬೀಸೋವಾಗ ಹೇಳ್ತಿದ್ದ ತವರಿನ ಪದಗಳನ್ನ ಕೇಳಿ. ಅವುಗಳಲ್ಲಿ ತವರಿನ ಆಸೆ ಇದೆ, ಹಾಗೇ ಅತ್ತಿಗೆ ಮೇಲೆ ಹೊಟ್ಟೆಕಿಚ್ಚು, ಕರೆಯೋಕೆ ಬರದ ಅಣ್ಣನ ಮೇಲೆ ಸಿಟ್ಟು, ಕೊಂಕು, ಶಾಪ ಎಲ್ಲಾ ಇದೆ. ಆ ಹೆಂಗಸರು ತಾವೇ ಕಟ್ಟಿದ ಹಾಡು, ಅದಕ್ಕೆ. ಸಿನಿಮಾದವರು ಅದರಿಂದ ಕಣ್ಣೀರು ತಗೊಂಡರು, ಸಿಟ್ಟನ್ನ ಸೋಸಿ ಎಸೆದರು.

ಇನ್ನೊಂದು ಮಾತು ಬರುತ್ತೆ: ಮದುವೆಗೆ ಸಾಲ ಮಾಡಿ ಖರ್ಚು ಮಾಡಿಲ್ಲವಾ, ಅದೇ ಅವಳ ಪಾಲು. ಮಾಡಿದ್ದಾರೆ, ಇಲ್ಲ ಅನ್ನಲ್ಲ. ಆದರೆ ಆ ದುಡ್ಡು ಹೋಗಿದ್ದು ಛತ್ರಕ್ಕೆ, ಊಟಕ್ಕೆ, ಗಂಡಿನ ಕಡೆಗೆ. ಹುಡುಗಿ ಕೈಗೆ ಬಂದಿದ್ದು ಎಷ್ಟು? ಮಗನ ಮದುವೆಗೂ ಖರ್ಚಾಗುತ್ತೆ, ಅದನ್ನ ಯಾರೂ ಅವನ ಪಾಲಿನಿಂದ ಕಳೆಯಲ್ಲ.

ಹೊಲ ಉತ್ತವನು ನಾನು, ಅಪ್ಪ ಅಮ್ಮನ ನೋಡಿಕೊಂಡವನು ನಾನು ಅಂತಾರೆ. ಇದು ಗಟ್ಟಿ ಮಾತು, ಇದಕ್ಕೆ ನಾನು ಸುಲಭವಾಗಿ ಉತ್ತರ ಕೊಡಲ್ಲ. ದೊಡ್ಡ ಮಾವ ನಿಜಕ್ಕೂ ದುಡಿದವರು. ಅಜ್ಜನಿಗೆ ಲಕ್ವ ಹೊಡೆದಾಗ ಎರಡು ವರ್ಷ ಎತ್ತಿ ಇಳಿಸಿದವರು. ಆದರೆ ಆ ಎರಡು ವರ್ಷ ಅಜ್ಜನ ಬಟ್ಟೆ ಒಗೆದಿದ್ದು ಅತ್ತೆ, ತಿಂಗಳಿಗೆ ಹದಿನೈದು ದಿನ ಹೋಗಿ ಗಂಜಿ ಕುಡಿಸಿದ್ದು ಅಮ್ಮ. ದುಡಿಮೆ ಲೆಕ್ಕ ಹಾಕೋದಾದರೆ ಎಲ್ಲರದ್ದೂ ಹಾಕೋಣ. ದುಡಿದವನಿಗೆ ಒಂದು ಪಾಲು ಜಾಸ್ತಿ ಅಂತ ಕೂತು ಮಾತಾಡಿದ್ದರೆ ಅಮ್ಮ ಬೇಡ ಅಂತಿರಲಿಲ್ಲ. ಮಾತಾಡಲೇ ಇಲ್ಲವಲ್ಲ. ಮೈಸೂರುಪಾಕು ತಂದರು.

ತವರು ಕಡಿದು ಹೋಗುತ್ತೆ ಅನ್ನೋ ಭಯ ಮಾತ್ರ ಸುಳ್ಳಲ್ಲ. ನಮ್ಮ ಪಕ್ಕದೂರಲ್ಲಿ ಕೋರ್ಟಿಗೆ ಹೋದ ಹೆಣ್ಣುಮಗಳ ಮಗನ ಮದುವೆಗೆ ತವರಿನವರು ಒಬ್ಬರೂ ಬರಲಿಲ್ಲ. ಸೋದರಮಾವನ ಶಾಸ್ತ್ರಕ್ಕೆ ಬೇರೆ ಯಾರನ್ನೋ ನಿಲ್ಲಿಸಿದರು. ಅವಳು ಆ ದಿನ ಅತ್ತಿದ್ದನ್ನ ನಾನು ನೋಡಿದ್ದೀನಿ. ಗೆದ್ದ ಜಮೀನಿಗಾಗಿ ಅಲ್ಲ ಅವಳು ಅತ್ತಿದ್ದು. ಹಾಗಾಗಿ ‘ಕೇಳಿ, ತಗೊಳ್ಳಿ, ಅಷ್ಟೇ’ ಅಂತ ಬೆಂಗಳೂರಿನಲ್ಲಿ ಕೂತು ಹೇಳೋರ ಜೊತೆ ನಾನಿಲ್ಲ. ಆದರೆ ಒಂದು ಕೇಳ್ತೀನಿ. ಪಾಲು ಕೇಳಿದ ತಕ್ಷಣ ಮುರಿದು ಬೀಳೋ ಸಂಬಂಧಕ್ಕೆ ಎರಡೂವರೆ ಗಂಟೆ ಸಿನಿಮಾ ಮಾಡಿ ಪೂಜೆ ಮಾಡಿಸಿದರಲ್ಲ, ಅದು ಮುರಿಯೋದನ್ನ ಯಾಕೆ ಒಬ್ಬರೂ ಸಿನಿಮಾ ಮಾಡಲಿಲ್ಲ? ಕಣ್ಣೀರು ಅಲ್ಲೂ ಬೇಕಾದಷ್ಟಿತ್ತು. ತಂಗಿ ಪಾಲು ಕೇಳಿ, ಅಣ್ಣ ಒಂದು ವರ್ಷ ಮುಖ ತಿರುಗಿಸಿ, ಆಮೇಲೆ ಒಂದು ದಿನ ಸರ್ವೆಯವರನ್ನ ಕರಕೊಂಡು ಬಂದು ಹದ್ದುಬಸ್ತು ಕಲ್ಲು ನೆಡೋ ಅಣ್ಣನ ಪಾತ್ರವನ್ನ ಶಿವಣ್ಣ ಮಾಡಿದ್ದಿದ್ದರೆ? ಈ ಜಿಲ್ಲೆಯಲ್ಲಿ ಎಷ್ಟು ಅಣ್ಣಂದಿರಿಗೆ ದಾರಿ ಕಾಣ್ತಿತ್ತೋ. ಅವರ ಮಾತನ್ನ ಕೇಳೋ ಜನ ನಮ್ಮೂರ ತುಂಬಾ ಇದ್ದಾರೆ, ಇದನ್ನ ನಾನು ವ್ಯಂಗ್ಯವಾಗಿ ಹೇಳ್ತಿಲ್ಲ.

ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ ರೈತರು 1,777 ಎಕರೆ ಉಳಿಸಿಕೊಳ್ಳೋಕೆ ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. 2025ರ ಜುಲೈ 15ಕ್ಕೆ ಸರ್ಕಾರ ಭೂಸ್ವಾಧೀನ ಕೈಬಿಟ್ಟಿತು. ಆ ಧರಣಿಯಲ್ಲಿ ಹೆಂಗಸರೂ ಕೂತಿದ್ದರು, ಘೋಷಣೆ ಕೂಗಿದರು, ಪೊಲೀಸರ ಎದುರು ನಿಂತರು. ಭೂಮಿ ನಮ್ಮದು ಅಂತ ಅವರು ಕೂಗಿದ್ದು ಟಿವಿಯಲ್ಲಿ ಬಂದಾಗ ನಂಗೆ ಮೈ ಜುಮ್ ಅಂತು. ಹಿಂದೆಯೇ ಒಂದು ಕೆಟ್ಟ ಪ್ರಶ್ನೆ ಬಂತು: ಇವರಲ್ಲಿ ಎಷ್ಟು ಜನರ ಹೆಸರು ಪಹಣಿಯ ಒಂಬತ್ತನೇ ಕಾಲಮಿನಲ್ಲಿದೆ? ಸರ್ಕಾರದಿಂದ ಉಳಿಸಿದ ಭೂಮಿಯನ್ನ ನಾಳೆ ಮನೆಯವರ ಹತ್ತಿರ ಕೇಳಿದರೆ ಇದೇ ಹೆಂಗಸರು ದುರಾಸೆಯವರಾಗಿ ಬಿಡ್ತಾರೆ.

ಈಗಿನ ಹುಡುಗಿಯರು ಮೋಸ ಹೋಗಲ್ಲ ಅಂತೀರಾ? ಮೋಸದ ದಾರಿಯೂ ಬೆಳೆದಿದೆ. ಈಗ ಕೆಲವರು ಸೀರೆಯನ್ನೂ ತರಲ್ಲ. ನಾಡಕಚೇರಿಯಲ್ಲಿ ವಂಶವೃಕ್ಷ ಮಾಡಿಸುವಾಗ ಹೆಣ್ಣುಮಕ್ಕಳ ಹೆಸರನ್ನೇ ಬಿಟ್ಟುಬಿಡ್ತಾರೆ. ಅಪ್ಪ ಸತ್ತ ಮೇಲೆ ಪೌತಿ ಖಾತೆ ಗಂಡುಮಕ್ಕಳ ಹೆಸರಿಗೆ ಆಗಿಹೋಗುತ್ತೆ, ತಂಗಿಗೆ ಗೊತ್ತಾಗೋದು ಲೇಔಟ್ ಬೋರ್ಡ್ ಬಿದ್ದಮೇಲೆ. ಇಷ್ಟಂತೂ ತಿಳಿದಿರಲಿ: 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿದೆ, 2005ಕ್ಕೆ ಮುಂಚೆ ಅಪ್ಪ ತೀರಿಹೋಗಿದ್ದರೂ ಮಗಳ ಹಕ್ಕು ಹೋಗಲ್ಲ. 2004ರ ಡಿಸೆಂಬರ್ 20ಕ್ಕೆ ಮುಂಚೆಯೇ ಸರಿಯಾಗಿ ವಿಭಾಗ ಆಗಿ ರಿಜಿಸ್ಟರ್ ಆಗಿದ್ದರೆ ಅದನ್ನ ಕೆದಕೋಕೆ ಆಗಲ್ಲ. ಅಪ್ಪ ತಾನೇ ಸಂಪಾದಿಸಿದ್ದಕ್ಕೆ ವಿಲ್ ಬರೆದಿದ್ದರೆ ಅದು ಬೇರೆ. ಇದೆಲ್ಲ ಹಿಂದೂ ಉತ್ತರಾಧಿಕಾರ ಕಾಯ್ದೆಯ ಮಾತು. ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ವಕೀಲರ ನೆರವು ಪುಕ್ಕಟೆ, ಫೋನ್ 15100. ರಿಜಿಸ್ಟರ್ ಆದ ಬಿಡುಗಡೆ ಪತ್ರವನ್ನ ಆಮೇಲೆ ರದ್ದು ಮಾಡಿಸೋದು ಸುಲಭ ಅಲ್ಲ. ಕೇಳೋದಿದ್ದರೆ ಸಹಿಗೆ ಮುಂಚೆ ಕೇಳಿ.

ಹಾಡುಗಳ ಬಗ್ಗೆ ಒಂದು ಮಾತು ಹೇಳದೆ ಹೋದರೆ ತಪ್ಪಾಗುತ್ತೆ. ತವರಿನ ಹಾಡುಗಳು ಇವತ್ತಿಗೂ ನಮ್ಮ ಕಡೆ ಮದುವೆ ಮನೆಯ ಸ್ಪೀಕರಿನಲ್ಲಿ ಬರ್ತವೆ, ಹೆಣ್ಣನ್ನ ಕಳಿಸಿಕೊಡೋ ಹೊತ್ತಿಗೆ ಸರಿಯಾಗಿ. ಆರ್ಕೆಸ್ಟ್ರಾದವರಿಗೆ ಯಾರಾದರೊಬ್ಬರು ಚೀಟಿ ಕೊಡ್ತಾರೆ. ಹಂಸಲೇಖ ಅವರ ರಾಗ ಕೇಳಿದರೆ ನನ್ನ ಗಂಟಲೂ ಕಟ್ಟುತ್ತೆ, ಎಷ್ಟು ಸಿಟ್ಟಿದ್ದರೂ. ಅದಕ್ಕೇ ಅವು ಲಾಂಗ್ ಸಿನಿಮಾಗಿಂತ ಹರಿತ. ಲಾಂಗ್ ಹಿಡಿದವನು ಎದುರಿಗೆ ಬಂದರೆ ಓಡಬಹುದು.

ಈಗ ಮಾವನ ಮಗಳ ವಿಷಯ. ಅವಳನ್ನ ಹೊಸಕೋಟೆಗೆ ಕೊಟ್ಟು ಹತ್ತು ವರ್ಷ ಆಯ್ತು. ಗಂಡ ಟೆಂಪೊ ಓಡಿಸ್ತಾನೆ, ಇಬ್ಬರು ಮಕ್ಕಳು. 2007ರಲ್ಲಿ ಮಾರದೆ ಉಳಿಸಿಕೊಂಡಿದ್ದ ಇನ್ನೊಂದು ತುಂಡು ಜಮೀನಿಗೆ ಈಗ ವ್ಯವಹಾರ ಬಂದಿದೆ. ಹಬ್ಬಕ್ಕೆ ಎರಡು ದಿನ ಮುಂಚೆ ಅವಳ ಅಣ್ಣ ಬಾಗಿನ ತಂದಿದ್ದ. ಜೊತೆಗೆ ಸೀರೆ. ಹಬ್ಬ ಕಳೆದ ಮೇಲೆ ಒಂದು ಸೈನ್ ಹಾಕಿ ಹೋಗು ಅಂದ. ಹಬ್ಬದ ದಿನ ಬೆಳಗ್ಗೆ ಅವಳಪ್ಪ ಗ್ರೂಪಿಗೆ ಆ ರೀಲ್ ಹಾಕಿದರು. ಬೇಕಂತಲೇ ಹಾಕಿದರೋ, ಹಬ್ಬದ ಗುಂಗಿನಲ್ಲಿ ಹಾಕಿದರೋ ನಂಗೆ ಗೊತ್ತಿಲ್ಲ. ಬೇಕಂತ ಹಾಕಿರಲಿಕ್ಕಿಲ್ಲ. ಅವರಿಗೂ ಅದು ಹಾಗೇ ಅಭ್ಯಾಸ ಆಗಿದೆ.

ಸಂಜೆ ಅವಳು ಫೋನ್ ಮಾಡಿದಳು. “ಅಕ್ಕ, ನಾನು ಸೈನ್ ಹಾಕಲ್ಲ ಅಂದಿಲ್ಲ. ಪತ್ರ ವಾಟ್ಸಾಪ್ ಮಾಡು, ಓದಿ ಹಾಕ್ತೀನಿ ಅಂದೆ ಅಷ್ಟೇ. ಅಣ್ಣ ಫೋನ್ ಕಟ್ ಮಾಡ್ದ.”

ಎಂಟು ದಿನ ಕಳೆದ ಮೇಲೆ ಪತ್ರ ಬಂತು. ಅವಳು ನಂಗೆ ಕಳಿಸಿದಳು, ನಾನು ಪರಿಚಯದ ವಕೀಲರಿಗೆ ಕಳಿಸಿದೆ. ಅದರಲ್ಲಿ ಪ್ರತಿಫಲ ಅನ್ನೋ ಜಾಗದಲ್ಲಿ ಬರೆದಿರೋದು: ಪ್ರೀತಿ ವಿಶ್ವಾಸದಿಂದ. ಎಷ್ಟು ರೂಪಾಯಿ ಅನ್ನೋ ಜಾಗ ಖಾಲಿ.

ಇನ್ನೂ ಸಹಿ ಆಗಿಲ್ಲ. ಮಾವ ನಮ್ಮಮ್ಮನ ಜೊತೆ ಮಾತು ಬಿಟ್ಟಿದ್ದಾರೆ, ನನ್ನಿಂದ ಹೀಗಾಯ್ತು ಅಂತ. ಅಮ್ಮನೂ ಎರಡು ದಿನ ನನ್ನ ಮೇಲೆ ಮುನಿಸಿಕೊಂಡಿದ್ದಳು. ಮೂರನೇ ದಿನ ರಾತ್ರಿ ಕೆಮ್ಮಿಕೊಂಡೇ ಬಂದು ನನ್ನ ಹಾಸಿಗೆ ಪಕ್ಕ ಕೂತು ಕೇಳಿದಳು:

“ಆ ವಕೀಲ್ರು ಏನಂದ್ರು?”